ಕಮಾಂಡೋ ಆಗಬಯಸುವ ಹುಡುಗನೂ ಅವನ ಮನೆಯೂ

ಬೆಂಗಳೂರಿನ ಉತ್ತರ ಭಾಗದಲ್ಲಿ ವಾಸಿಸುವ ನಮಗೆ ಸೈನಿಕರು ಅಪರಿಚಿತರಲ್ಲ. ಯಶವಂತಪುರದ ರೈಲು ನಿಲ್ದಾಣದಲ್ಲಿ ಕಪ್ಪು ತಗಡಿನ ಪೆಟ್ಟಿಗೆಯನ್ನು ಪಕ್ಕದಲ್ಲಿರಿಸಿಕೊಂಡು ಗಾಡಿಗಾಗಿ ಕಾದಿರುವ ಜವಾನರನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಯಲಹಂಕದ ವಾಯುಪಡೆಯ ನೆಲೆಯಿಂದೇಳುವ ವಿಮಾನಗಳ ಸದ್ದು ನಮ್ಮ ಮಕ್ಕಳ ಕಿವಿಗೆ ರೂಢಿಯಾಗಿಹೋಗಿದೆ. ಜೆ. ಸಿ. ನಗರ, ಜಯಮಹಲುಗಳ ಕಡೆಯಲ್ಲಿ ಪ್ಯಾರಾಶೂಟ್ ರೆಜಿಮೆಂಟಿನ ತರಬೇತು ಕೇಂದ್ರವಿರುವುದು. ಅದು 1992ರಲ್ಲಿ ಆಗ್ರಾದಿಂದ ಬಂದು ಇಲ್ಲಿ ನೆಲೆಸಿತು. ಕೆಂಗಂದು ಬಣ್ಣದ ಟೋಪಿಯನ್ನು ಧರಿಸಿದ ಆ ಯೋಧರನ್ನು ದಾರಿಯಲ್ಲಿ ಕಂಡರೆ, ಶಾಲೆಗೆ ಹೊರಟ ಹುಡುಗರು ಒಂದು ಕ್ಷಣ ನಿಂತು ನೋಡಿಯೇ ಮುಂದೆ ಹೋಗುವರು.

ಕೆಲವು ದಿವಸಗಳ ಹಿಂದೆ ಆರ್. ಟಿ. ನಗರದ ನಮ್ಮ ಸ್ನೇಹಿತರೊಬ್ಬರು ಸಂಜೆಯ ವೇಳೆ ಮನೆಗೆ ಬಂದರು. ಕೊಟ್ಟ ಕಾಫಿಯನ್ನು ಕುಡಿಯದೆ ಕೈಯಲ್ಲಿ ಹಿಡಿದುಕೊಂಡೇ, "ಸ್ವಾಮಿ, ನಮ್ಮ ಹುಡುಗ ಕಮಾಂಡೋ ಆಗುತ್ತಾನಂತೆ. ಅದನ್ನು ಕೇಳಿದ ದಿವಸದಿಂದ ಅವನ ತಾಯಿಗೆ ಊಟ ಸೇರದು. ಅವನೋ, ಮೊನ್ನೆ ಮಧ್ಯಾಹ್ನದ ಬಿಸಿಲಿನಲ್ಲಿ ಮರಳಿನ ಚೀಲ ಹೊತ್ತು ಓಡಿ, ತಲೆ ಸುತ್ತಿ ಬೀದಿಯಲ್ಲೇ ಬಿದ್ದ. ಬೇಡ ಅನ್ನಲೋ, ಹೋಗು ಅನ್ನಲೋ, ನೀವೇ ಹೇಳಿ," ಎಂದರು. ಆ ಹೊತ್ತಿಗೆ ನಮಗೆ ತಕ್ಕ ಉತ್ತರ ತೋಚಲಿಲ್ಲ. ಇಂಥ ಪ್ರಶ್ನೆ ಅವರೊಬ್ಬರ ಮನೆಯದಲ್ಲವೆಂದು ಬಗೆದು, ವಿಚಾರಮಾಡಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ.

ವಿಶೇಷ ಪಡೆಗಳೆಂದರೆ ಸಾಮಾನ್ಯ ದಂಡಿನ ಕೈಗೆ ಎಟುಕದ ಕಾರ್ಯಗಳಿಗಾಗಿ ಆರಿಸಿ ತೆಗೆದ ಸಣ್ಣ ಸಣ್ಣ ತಂಡಗಳು. ನಮ್ಮ ಭೂಸೇನೆಯಲ್ಲಿ ಪ್ಯಾರಾಶೂಟ್ ರೆಜಿಮೆಂಟಿನ ವಿಶೇಷ ದಳಗಳೂ, ನೌಕಾಪಡೆಯಲ್ಲಿ ಮಾರ್ಕೋಸ್ ಎಂಬುವರೂ, ವಾಯುಪಡೆಯಲ್ಲಿ 2004ರಲ್ಲಿ ಹುಟ್ಟಿದ ಗರುಡ ಪಡೆಯೂ ಈ ಬಗೆಯವು. ಭಯೋತ್ಪಾದಕರನ್ನು ಎದುರಿಸಲೆಂದು 1984ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಭದ್ರತಾ ದಳವೂ ಉಂಟು. ಅದರ ಆಕ್ರಮಣ ತಂಡಕ್ಕೆ ಭೂಸೇನೆಯಿಂದಲೇ ಆಯ್ದ ಯೋಧರನ್ನು ಎರವಲಾಗಿ ಕಳುಹಿಸುವರು. ಇವುಗಳಲ್ಲಿ ಯಾವುದಕ್ಕೂ ಬಲವಂತದಿಂದ ಯಾರನ್ನೂ ಸೇರಿಸುವುದಿಲ್ಲ. ತಾನಾಗಿ ಮುಂದೆ ಬಂದವನನ್ನು ತಿಂಗಳುಗಟ್ಟಲೆ ಪರೀಕ್ಷಿಸುವರು. ಬೆನ್ನಿನ ಮೇಲೆ ಭಾರ, ಕೈಯಲ್ಲಿ ಆಯುಧ, ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಕಿಲೋಮೀಟರುಗಳ ವೇಗದ ನಡಿಗೆ, ನಿದ್ರೆಯಿಲ್ಲದ ರಾತ್ರಿಗಳು, ಹಸಿವು, ದಣಿವು, ಅನಿಶ್ಚಯ. ಬಂದವರಲ್ಲಿ ಬಹುಮಂದಿ ಹಿಂದಿರುಗುವರು. ಉಳಿದವರು ಆಗ್ರಾದ ಶಾಲೆಯಲ್ಲಿ ವಿಮಾನದಿಂದ ಐದು ಸಲ ಧುಮುಕಿದ ಮೇಲೆ ರೆಕ್ಕೆಯ ಬಿಲ್ಲೆಯನ್ನು ಪಡೆಯುವರು.

ಇದನ್ನೆಲ್ಲ ಕೇಳಿದ ಹುಡುಗನು, ಇಂದಿನಿಂದಲೇ ಮೈಯನ್ನು ದಂಡಿಸಿಬಿಟ್ಟರೆ ಆಯಿತು ಎಂದು ತಿಳಿಯುವನು. ತಪ್ಪಾಗುವುದು ಇಲ್ಲಿಯೇ. ಈ ಮಾತನ್ನು ನಮ್ಮ ನೆರೆಯವರೇ ಆಗಿದ್ದ ಒಬ್ಬ ವೀರರ ಜೀವನದಿಂದ ವಿವರಿಸುವೆವು.

ದೊಡ್ಡಬಳ್ಳಾಪುರದ ಹೆದ್ದಾರಿಯಿಂದ ಎಂ. ಎಸ್. ಪಾಳ್ಯದ ಕಡೆಗೆ ಯಲಹಂಕದಲ್ಲಿ ಸಾಗುವ ರಸ್ತೆಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರನ್ನಿಟ್ಟಿದ್ದಾರೆ. ನಿತ್ಯವೂ ಆ ಫಲಕದ ಮುಂದೆ ಓಡಾಡುವ ನಮ್ಮಲ್ಲಿ ಎಷ್ಟು ಮಂದಿ ಅವರ ಚರಿತ್ರೆಯನ್ನು ಬಲ್ಲೆವು? ಅವರು 1977ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, ಇಲ್ಲಿಯ ಫ್ರಾಂಕ್ ಆಂಟನಿ ಶಾಲೆಯಲ್ಲಿ ಓದಿದವರು. 1995ರಲ್ಲಿ ಪುಣೆಯ ಬಳಿಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಸೇರಿ, 1999ರಲ್ಲಿ ಬಿಹಾರ ರೆಜಿಮೆಂಟಿನ ಏಳನೆಯ ದಳದಲ್ಲಿ ಅಧಿಕಾರಿಯಾದರು. ನಮ್ಮ ಬೆಳಗಾವಿಯಲ್ಲಿರುವ ಕಮಾಂಡೋ ಶಾಲೆಯ ಘಾತಕ್ ತರಬೇತಿನಲ್ಲಿ ಮೊದಲಿಗರಾದರು. ರಾಷ್ಟ್ರೀಯ ಭದ್ರತಾ ದಳಕ್ಕೆ ಹೋದುದು 2007ರಲ್ಲಿ. ವಾಚಕರು ಲೆಕ್ಕಹಾಕಿ ನೋಡಬೇಕು: ಅಕಾಡೆಮಿಯ ಬಾಗಿಲಿನಿಂದ ಭದ್ರತಾ ದಳದ ಬಾಗಿಲಿಗೆ ಹನ್ನೆರಡು ವರ್ಷಗಳ ದಾರಿ!

2008ರ ನವೆಂಬರಿನಲ್ಲಿ ಮುಂಬಯಿಯ ತಾಜ್ ಮಹಲ್ ಹೋಟೆಲನ್ನು ಭಯೋತ್ಪಾದಕರು ಹಿಡಿದುಕೊಂಡಾಗ ಅವರು ತಮ್ಮ ತಂಡದೊಡನೆ ಒಳಹೊಕ್ಕರು. ಜೊತೆಯ ಕಮಾಂಡೋ ಒಬ್ಬನಿಗೆ ಗುಂಡು ತಗುಲಲು, ಮೊದಲು ಅವನನ್ನು ಸುರಕ್ಷಿತವಾಗಿ ಹೊರಗೆ ಸಾಗಿಸುವ ಏರ್ಪಾಡನ್ನು ಮಾಡಿ, ಆ ಬಳಿಕ ತಾವೇ ವೈರಿಗಳನ್ನು ಬೆನ್ನಟ್ಟಿಹೋದರು. ನವೆಂಬರ್ 28ರಂದು ಅವರು ವೀರಮರಣವನ್ನು ಪಡೆದರು. ಹೆಬ್ಬಾಳದ ಚಿತಾಗಾರದಲ್ಲಿ ಸೈನಿಕ ಮರ್ಯಾದೆಯೊಡನೆ ಅಂತ್ಯಕ್ರಿಯೆ ನಡೆಯಿತು. ಮುಂದಿನ ಗಣರಾಜ್ಯೋತ್ಸವದ ದಿನ ಅವರಿಗೆ ಸಂದ ಅಶೋಕ ಚಕ್ರವನ್ನು ತಾಯಿಯವರು ಸ್ವೀಕರಿಸಿದರು. ಆಗ ಅವರಿಗೆ ಮೂವತ್ತೊಂದು ವರ್ಷಗಳು ಮಾತ್ರ ತುಂಬಿದ್ದುವು.

ಈ ಚರಿತ್ರೆಯಿಂದ ನಾವು ತಿಳಿಯುವುದು ಎರಡು ಸಂಗತಿಗಳನ್ನು. ಇಂಥ ಯೋಧನು ಒಂದು ಬೇಸಗೆಯ ರಜೆಯಲ್ಲಿ ತಯಾರಾಗುವವನಲ್ಲ, ಇದು ಮೊದಲನೆಯದು. ಅವನ ಕೊನೆಯ ಪರೀಕ್ಷೆ ತೋಳಿನ ಬಲದ್ದಲ್ಲ, ಗಾಯಗೊಂಡ ಸಂಗಡಿಗನನ್ನು ನೆನೆಯುವ ಮನಸ್ಸಿನದು, ಇದು ಎರಡನೆಯದು. ಈ ಎರಡಕ್ಕೂ ಅಡಿಗಲ್ಲು ಬೀಳುವುದು ಮನೆಯಲ್ಲಿ.

ಇನ್ನು ದೇಹದ ವಿಷಯ. ಹದಿನಾರು ಹದಿನೇಳರ ಹುಡುಗನ ಎಲುಬು ಇನ್ನೂ ಬೆಳೆಯುತ್ತಿರುವುದು. ಅವನಿಗೆ ಭಾರ ಹೊರಿಸುವುದಕ್ಕಿಂತ ಮೊದಲು ಓಟವನ್ನೂ, ಓಟಕ್ಕಿಂತ ಮೊದಲು ನಡಿಗೆಯನ್ನೂ ಕಲಿಸಬೇಕು. ಮೊದಲ ಎರಡು ತಿಂಗಳು ವಾರಕ್ಕೆ ಮೂರು ನಾಲ್ಕು ದಿವಸ, ಅರ್ಧ ಗಂಟೆಯಷ್ಟು ಬಿರುಸಾದ ನಡಿಗೆ ಮತ್ತು ಮೆಲ್ಲನೆಯ ಓಟ ಸಾಕು. ಓಡುತ್ತ ಪಕ್ಕದವನೊಡನೆ ಮಾತನಾಡುವಷ್ಟು ಉಸಿರಿರಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ದೂರವನ್ನು ವಾರದಿಂದ ವಾರಕ್ಕೆ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಏರಿಸುವುದು ಕ್ಷೇಮ. ಆರು ತಿಂಗಳು ಹೀಗೆ ನಡೆದಮೇಲೆ ವಾರಕ್ಕೊಮ್ಮೆ ಎಂಟು ಹತ್ತು ಕಿಲೋಮೀಟರುಗಳ ನಿಧಾನದ ಓಟ, ಒಂದು ದಿವಸ ವೇಗದ ಓಟ, ಎಂದಾದರೊಮ್ಮೆ ನಂದಿಬೆಟ್ಟದ ಮೆಟ್ಟಿಲುಗಳನ್ನು ಹತ್ತುವುದು ಇವನ್ನು ಕೂಡಿಸಿಕೊಳ್ಳಬಹುದು. ವಾರಕ್ಕೊಂದು ದಿವಸ ಪೂರ್ಣ ವಿಶ್ರಾಂತಿಯಿರಲಿ.

ತೋಳು, ಬೆನ್ನು, ತೊಡೆಗಳಿಗೆ ನಮ್ಮ ಗರಡಿಮನೆಯ ದಂಡೆ ಬಸ್ಕಿಗಳು ಇಂದಿಗೂ ಹಳತಾಗಿಲ್ಲ. ಕಬ್ಬಿಣದ ಅಡ್ಡಸಲಾಕೆಯನ್ನು ಹಿಡಿದು ಜೋತುಬೀಳುವುದನ್ನು ಮೊದಲು ಅಭ್ಯಾಸಮಾಡಿ, ಬಳಿಕ ಮೈಯನ್ನು ಮೇಲಕ್ಕೆಳೆಯುವುದನ್ನು ಕಲಿಯಬೇಕು. ಸೈನ್ಯದ ಅಗ್ನಿವೀರ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದವನಿಗೂ, ಹತ್ತು ಸಲ ಹೀಗೆ ಮೈಯನ್ನೆಳೆದವನಿಗೂ ಪೂರ್ಣಾಂಕಗಳು ದೊರೆಯುವುವು. ಒಂಬತ್ತು ಅಡಿಯ ಹಳ್ಳವನ್ನೂ ಹಾರಬೇಕಾಗುವುದು. ಇದು ಸೈನಿಕನಾಗುವುದಕ್ಕೆ ಇರುವ ಮೊದಲ ಹೊಸ್ತಿಲು ಮಾತ್ರ. ಕಮಾಂಡೋ ಆಗುವ ಮಾತು ಅದರ ಎಷ್ಟೋ ಆಚೆಗಿದೆ. ಹದಿನೆಂಟು ತುಂಬಿ, ವರ್ಷಕಾಲ ಓಡಿ ಮೈ ಪಳಗಿದ ಮೇಲೆ ಬೆನ್ನಿಗೆ ಭಾರವನ್ನು ಕಟ್ಟಬಹುದು. ಅರುವತ್ತು ಕಿಲೋ ತೂಗುವ ಹುಡುಗನಿಗೆ ಮೊದಲು ಐದಾರು ಕಿಲೋ ಸಾಕು; ಅದನ್ನು ಹೊತ್ತು ನಡೆಯಬೇಕೇ ಹೊರತು ಓಡಬಾರದು.

ಪಾದಗಳ ವಿಷಯದಲ್ಲಿ ಹುಡುಗರಿಗೆ ಲಕ್ಷ್ಯವಿಲ್ಲ. ನಲವತ್ತು ಕಿಲೋಮೀಟರು ನಡೆಯುವವನನ್ನು ಅರ್ಧದಾರಿಯಲ್ಲಿ ಕೂರಿಸುವುದು ಎದೆಯ ಸೋಲಲ್ಲ, ಹಿಮ್ಮಡಿಯ ಒಂದು ಬೊಕ್ಕೆ. ಉಗುರನ್ನು ನೇರವಾಗಿ ಕತ್ತರಿಸುವುದು, ಒದ್ದೆಯಾದ ಕಾಲುಚೀಲವನ್ನು ಕೂಡಲೇ ಬದಲಿಸುವುದು, ಹೊಸ ಬೂಟುಗಳನ್ನು ಮನೆಯ ಸುತ್ತ ತೊಟ್ಟು ಪಳಗಿಸಿದ ಮೇಲೆಯೇ ದೂರಕ್ಕೆ ಹೋಗುವುದು, ಇವು ಸಣ್ಣವಾದರೂ ದೊಡ್ಡ ಫಲವನ್ನು ಕೊಡುವ ಅಭ್ಯಾಸಗಳು. ಹಾಗೆಯೇ ಹಲ್ಲು, ಕಿವಿ, ಕಣ್ಣುಗಳನ್ನೂ ಮೊದಲೇ ವೈದ್ಯರಿಗೆ ತೋರಿಸಬೇಕು. ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮೊಣಕಾಲು, ಬಣ್ಣಗಳನ್ನು ಗುರುತಿಸಲಾಗದ ಕಣ್ಣು ಇವುಗಳಿಂದ ಭರ್ತಿಯ ದಿವಸ ತಿರಸ್ಕೃತರಾಗಿ ಅಳುತ್ತ ಹಿಂದಿರುಗುವವರುಂಟು. ಎರಡು ವರ್ಷ ಮುಂಚೆಯೇ ತಿಳಿದಿದ್ದರೆ, ಸರಿಪಡಿಸಬಹುದಾದುದನ್ನು ಸರಿಪಡಿಸಬಹುದು. ಆಗದಿದ್ದರೆ ಬೇರೆ ದಾರಿಯನ್ನು ಹುಡುಕಬಹುದು.

ಬಿಸಿಲಿನ ವಿಷಯವನ್ನು ಮಾತ್ರ ಗೃಹಸ್ಥರು ಎರಡು ಸಲ ಓದಬೇಕೆಂದು ನಮ್ಮ ಬಿನ್ನಹ. 2013ರ ಜುಲೈ ತಿಂಗಳಿನಲ್ಲಿ ಇಂಗ್ಲೆಂಡಿನ ನೆರೆಯ ವೇಲ್ಸ್ ಪ್ರಾಂತದ ಬ್ರೆಕನ್ ಗುಡ್ಡಗಳಲ್ಲಿ, ಎಸ್. ಎ. ಎಸ್. ಎಂಬ ಪ್ರಸಿದ್ಧ ವಿಶೇಷ ಪಡೆಯ ಆಯ್ಕೆಗಾಗಿ ಭಾರ ಹೊತ್ತು ನಡೆದವರಲ್ಲಿ ಮೂವರು ಸೆಕೆಯ ತಾಪದಿಂದ ಪ್ರಾಣವನ್ನು ಕಳೆದುಕೊಂಡರು. ಅವರು ಪಳಗಿದ ತರುಣರು. ಸುತ್ತಲೂ ಸೈನ್ಯದ ಅಧಿಕಾರಿಗಳಿದ್ದರು. ದೇಶವೋ ತಂಪಿಗೆ ಹೆಸರಾದುದು. ಹಾಗಿರುವಾಗ ಏಪ್ರಿಲಿನ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಒಬ್ಬನೇ ಓಡುವ ಹುಡುಗನ ಪಾಡೇನು? ಓಟವೆಲ್ಲ ಸೂರ್ಯನು ಮೇಲೇರುವುದರೊಳಗೆ ಮುಗಿಯಬೇಕು. ತಲೆ ಸುತ್ತುವುದು, ಓಕರಿಕೆ, ತೊದಲು, ನಡಿಗೆಯಲ್ಲಿ ತಡವರಿಕೆ ಕಂಡರೆ ಅಲ್ಲಿಗೇ ನಿಲ್ಲಿಸಿ, ನೆರಳಿಗೆ ಕರೆತಂದು, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಬೇಕು. ಪ್ರಜ್ಞೆ ಮಸುಕಾದರೆ ತಣ್ಣೀರಿನ ಉಪಚಾರವನ್ನು ಬಿಡದೆ ಆಸ್ಪತ್ರೆಗೆ ಸಾಗಿಸಬೇಕು. ಅತಿಯಾದ ವ್ಯಾಯಾಮದ ಮರುದಿವಸ ಮೂತ್ರವು ಕಪ್ಪು ಚಹದ ಬಣ್ಣಕ್ಕೆ ತಿರುಗಿದರೆ ಸ್ನಾಯುಗಳು ಒಡೆದು ಮೂತ್ರಪಿಂಡಕ್ಕೆ ಅಪಾಯ ಬಂದಿದೆಯೆಂದೇ ತಿಳಿದು, ಅದೇ ಗಳಿಗೆಯಲ್ಲಿ ವೈದ್ಯರ ಬಳಿಗೆ ಓಡಬೇಕು. ನಮ್ಮ ಸ್ನೇಹಿತರ ಮಗನು ಬೀದಿಯಲ್ಲಿ ಬಿದ್ದು ಬದುಕಿಕೊಂಡುದು ಪುಣ್ಯವೆನ್ನಬೇಕು, ಅದನ್ನು ಶೌರ್ಯವೆನ್ನಲಾಗದು.

ನೀರಿನಲ್ಲಿಯೂ ಇದೇ ಎಚ್ಚರಿಕೆ. ಈಜನ್ನು ಗುರುವಿನ ಎದುರಿಗೆ, ಕೊಳದಲ್ಲಿಯೇ ಕಲಿಯಬೇಕು. ಒಬ್ಬನೇ ಮುಳುಗಿ ಉಸಿರು ಹಿಡಿಯುವ ಪಂದ್ಯವನ್ನು ಎಂದಿಗೂ ಆಡಬಾರದು. ಉಸಿರು ಕಟ್ಟಿದವನಿಗೆ ಎಚ್ಚರ ತಪ್ಪುವುದು ಅವನಿಗೇ ತಿಳಿಯುವುದಿಲ್ಲ.

ಆಹಾರಕ್ಕೆ ಡಬ್ಬಿಯ ಪುಡಿಗಳು ಬೇಕೆಂದು ಹುಡುಗರು ಹಟಮಾಡುವರು. ರಾಗಿಯ ಮುದ್ದೆ, ಹುರುಳಿಯ ಸಾರು, ಬೇಳೆ, ಸೊಪ್ಪು, ಮೊಸರು, ಹಣ್ಣು, ತಿನ್ನುವ ಮನೆಯಾದರೆ ಮೊಟ್ಟೆ ಮೀನು ಮಾಂಸ, ಇಷ್ಟು ಹೊಟ್ಟೆ ತುಂಬ ದೊರೆತರೆ ಆ ವಯಸ್ಸಿನವನಿಗೆ ಕೊರತೆಯಿಲ್ಲ. ರಾಗಿಯಲ್ಲಿರುವಷ್ಟು ಸುಣ್ಣದ ಅಂಶ ಅಕ್ಕಿಯಲ್ಲಾಗಲಿ ಗೋದಿಯಲ್ಲಾಗಲಿ ಇಲ್ಲವೆಂಬುದನ್ನು ನಮ್ಮ ಗೃಹಿಣಿಯರು ನೆನಪಿನಲ್ಲಿಡಬೇಕು. ಬೆವರಿ ಬಂದವನಿಗೆ ಉಪ್ಪು ಹಾಕಿದ ಮಜ್ಜಿಗೆಗಿಂತ ಒಳ್ಳೆಯ ಪಾನೀಯವನ್ನು ನಾವು ಕಾಣೆವು. ಎಂಟು ಗಂಟೆಯ ನಿದ್ರೆ ಬೇಕು. ನಿದ್ರೆಗೆಟ್ಟು ಅಭ್ಯಾಸಮಾಡುತ್ತೇನೆಂಬುದು ಅವಿವೇಕ. ಅದನ್ನು ಸೈನ್ಯದವರೇ ಬೇಕಾದಾಗ ಕಲಿಸುವರು. ಮೈಯನ್ನು ಬೇಗ ಉಬ್ಬಿಸುವೆವೆಂದು ವ್ಯಾಯಾಮಶಾಲೆಗಳ ಮೂಲೆಯಲ್ಲಿ ಮಾರುವ ಮದ್ದುಗಳ ಹತ್ತಿರವಂತೂ ಸುಳಿಯಕೂಡದು.

ದೇಹಕ್ಕಿಂತಲೂ ಮನಸ್ಸಿನ ಸಿದ್ಧತೆ ದೊಡ್ಡದು. ಇದಕ್ಕೆ ತಾಯಿತಂದೆಗಳೇ ಗುರುಗಳು. ಮುಂಜಾನೆ ಐದಕ್ಕೆ ಓಡಬೇಕೆನ್ನುವ ಮಗನನ್ನು ತಾಯಿ ಎಬ್ಬಿಸಬಾರದು, ತಾನಾಗಿ ಏಳಲಿ. ತನ್ನ ಹಾಸಿಗೆಯನ್ನು ತಾನೇ ಸುತ್ತಿಡಲಿ, ಬೆವರಿನ ಬಟ್ಟೆಯನ್ನು ತಾನೇ ಒಗೆಯಲಿ, ಕಿತ್ತ ಗುಂಡಿಯನ್ನು ತಾನೇ ಹೊಲಿಯಲಿ. ಅಜ್ಜಿಯು ಹೇಳಿದುದನ್ನೇ ಹತ್ತು ಸಲ ಹೇಳಿದರೂ ಸಿಡುಕದೆ ಕೇಳಲಿ. ಯಾರೂ ನೋಡದಿರುವಾಗ, ಹೊಗಳುವವರಿಲ್ಲದಿರುವಾಗ, ಬೇಸರದ ಕೆಲಸವನ್ನು ಪೂರ್ತಿಯಾಗಿ ಮಾಡಿಮುಗಿಸುವ ಗುಣವೇ ಮೂವತ್ತನೆಯ ಕಿಲೋಮೀಟರಿನಲ್ಲಿ ಕಾಲನ್ನು ಮುಂದಿಡಿಸುವುದು. ಅಧಿಕಾರಿಗಳಾಗಬಯಸುವವರನ್ನು ಐದು ದಿವಸ ಪರೀಕ್ಷಿಸುವ ಆಯ್ಕೆಯ ಮಂಡಳಿಯೊಂದು ಬೆಂಗಳೂರಿನಲ್ಲಿಯೂ ಉಂಟು. ಅಲ್ಲಿಯೂ ಒಬ್ಬನು ಎಷ್ಟು ಎತ್ತಬಲ್ಲನೆಂಬುದಕ್ಕಿಂತ, ಇತರರೊಡನೆ ಹೇಗೆ ಕೂಡಿ ನಡೆಯಬಲ್ಲನೆಂಬುದನ್ನೇ ಹೆಚ್ಚಾಗಿ ನೋಡುವರು.

ಓದನ್ನು ಬಿಟ್ಟು ಓಡುವವನು ಎರಡನ್ನೂ ಕಳೆದುಕೊಳ್ಳುವನು. ಪ್ಯಾರಾಶೂಟಿನಿಂದ ಧುಮುಕಿದ ಮೊದಲ ಭಾರತೀಯರಲ್ಲಿ ಒಬ್ಬರಾದ ಎ. ಜಿ. ರಂಗರಾಜ್ ಅವರು ವೃತ್ತಿಯಿಂದ ವೈದ್ಯರು. ಮುಂದೆ ಕೊರಿಯಾ ಯುದ್ಧದಲ್ಲಿ ಅರುವತ್ತನೆಯ ಪ್ಯಾರಾಶೂಟ್ ವೈದ್ಯದಳವನ್ನು ನಡೆಸಿ ಮಹಾವೀರ ಚಕ್ರವನ್ನು ಪಡೆದರು. 2016ರ ಜನವರಿಯಲ್ಲಿ ಪಠಾಣಕೋಟಿನಲ್ಲಿ ಮಡಿದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಅವರು ನಮ್ಮ ಬೆಂಗಳೂರಿನಲ್ಲೇ ಬೆಳೆದವರು. ಭದ್ರತಾ ದಳದಲ್ಲಿ ಅವರ ಕಾರ್ಯವು ಬಾಂಬುಗಳನ್ನು ನಿಷ್ಕ್ರಿಯಗೊಳಿಸುವುದಾಗಿತ್ತು. ಅದು ವಿದ್ಯೆಯೂ ಸ್ಥಿರವಾದ ಕೈಯೂ ಬೇಕಾದ ಕೆಲಸ. ನಮ್ಮ ಹುಡುಗರು ಗಣಿತವನ್ನು, ಭೂಪಟ ನೋಡಿ ದಾರಿ ಹಿಡಿಯುವುದನ್ನು, ಪ್ರಥಮ ಚಿಕಿತ್ಸೆಯನ್ನು ಕಲಿಯಬೇಕು. ಸೈನ್ಯದ ವ್ಯವಹಾರಭಾಷೆ ಹಿಂದಿಯಾದುದರಿಂದ ಅದನ್ನೂ ಬಲಪಡಿಸಿಕೊಳ್ಳಬೇಕು.

ಸೇರುವ ದಾರಿಗಳನ್ನು ಸಂಕ್ಷೇಪವಾಗಿ ಹೇಳುವೆವು. ಹತ್ತನೆಯ ತರಗತಿ ಮುಗಿಸಿ ಹದಿನೇಳೂವರೆ ವರ್ಷ ತುಂಬಿದವರು ಅಗ್ನಿವೀರರಾಗಿ ಸೇರಬಹುದು. ವಯಸ್ಸಿನ ಮೇಲಣ ಮಿತಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳತಕ್ಕದ್ದು. 2022ರಲ್ಲಿ ಬಂದ ಈ ಪದ್ಧತಿಯಲ್ಲಿ ಸೇವೆಯ ಅವಧಿ ನಾಲ್ಕು ವರ್ಷ. ಆ ಬಳಿಕ ನೂರಕ್ಕೆ ಇಪ್ಪತ್ತೈದರವರೆಗಿನವರನ್ನು ಮಾತ್ರ ಉಳಿಸಿಕೊಳ್ಳುವರೆಂದು ಆಗ ಪ್ರಕಟಿಸಿದರು. ಇದನ್ನು ಮನೆಯವರು ಮೊದಲೇ ತಿಳಿದಿರಬೇಕು. ಹನ್ನೆರಡನೆಯ ತರಗತಿಯವರಿಗೆ ರಕ್ಷಣಾ ಅಕಾಡೆಮಿಯ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುವುದು. ಪದವೀಧರರಿಗೆ ಬೇರೆ ಪರೀಕ್ಷೆಯುಂಟು. ಕಾಲೇಜಿನ ಎನ್. ಸಿ. ಸಿ. ಒಳ್ಳೆಯ ಮೊದಲ ಮೆಟ್ಟಿಲು. ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ: 2021ರಲ್ಲಿ ಸೈನಿಕ ಪೋಲೀಸು ದಳದ ಮೊದಲ 83 ಮಂದಿ ಮಹಿಳಾ ಯೋಧರು ಬೆಂಗಳೂರಿನಲ್ಲಿಯೇ ತರಬೇತು ಮುಗಿಸಿದರು, ರಕ್ಷಣಾ ಅಕಾಡೆಮಿಯ ಮೊದಲ ಯುವತಿಯರ ತಂಡವು 2025ರ ಮೇ ತಿಂಗಳಿನಲ್ಲಿ ಹೊರಬಂದಿತು. ಎಲ್ಲ ದಾರಿಗಳಲ್ಲಿಯೂ ಮೊದಲು ಸೈನಿಕನಾಗಬೇಕು. ಕಮಾಂಡೋ ಆಗಬಯಸುವುದು ಆ ಮೇಲಿನ ಮಾತು. ಅರ್ಜಿಯ ಶುಲ್ಕದ ಹೊರತು ಭರ್ತಿಗಾಗಿ ಯಾರಿಗೂ ಕಾಸು ಕೊಡಬೇಕಾದುದಿಲ್ಲ. "ಒಳಗೆ ನಮ್ಮವರಿದ್ದಾರೆ, ಸೇರಿಸಿಕೊಡುತ್ತೇವೆ," ಎಂದು ಬರುವ ದಲ್ಲಾಳಿಯನ್ನು ಹೊಸ್ತಿಲಿನಿಂದಲೇ ಹಿಂದಿರುಗಿಸಬೇಕು. ಅವನ ಮಾತನ್ನು ನಂಬಿ ಒಡವೆಗಳನ್ನು ಅಡವಿಟ್ಟ ಮನೆಗಳಿವೆ.

ಕೊನೆಗೆ, ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತೊಂದು. ಕಮಾಂಡೋ ಆಗಬಯಸಿದವರಲ್ಲಿ ಹೆಚ್ಚಿನವರು ಆಗುವುದಿಲ್ಲ. ಪರೀಕ್ಷೆಯಲ್ಲಿ ನಿಲ್ಲಲಾರದ ಯೋಧನನ್ನು ಅವನ ಮೂಲದಳಕ್ಕೆ ಕಳುಹಿಸುವರು. ಅಲ್ಲಿ ಅವನು ಮುಂಚಿನಂತೆಯೇ ದೇಶದ ಕೆಲಸವನ್ನು ಮಾಡುವನು. ಅದು ಅವಮಾನವಲ್ಲ. ಸೈನ್ಯಕ್ಕೇ ಸೇರಲಾಗದೆ ಹೋದರೂ, ಮುಂಜಾನೆ ಏಳುವ, ಹೇಳಿದ ಮಾತಿಗೆ ನಿಲ್ಲುವ, ದಣಿದಾಗಲೂ ಜೊತೆಯವನ ಚೀಲಕ್ಕೆ ಕೈಕೊಡುವ ಮಗನು ಮನೆಗೆ ಉಳಿಯುವನು. ಹೀಗೆ ಸಿದ್ಧನಾದವನ ಶ್ರಮದಲ್ಲಿ ಯಾವುದೂ ವ್ಯರ್ಥವಾಗದು. ಆತುರದಿಂದ ಮೈ ಮುರಿದುಕೊಂಡವನಿಗಾದರೋ ಸೈನ್ಯವೂ ಇಲ್ಲ, ಆರೋಗ್ಯವೂ ಇಲ್ಲ.

ತಾಯಿಯ ಭಯದ ಬಗೆಗೆ ನಾವೇನು ಹೇಳಬಲ್ಲೆವು? ಯಲಹಂಕದ ಆ ಫಲಕವು ಸುಳ್ಳು ಹೇಳುವುದಿಲ್ಲ. ಈ ದಾರಿಯಲ್ಲಿ ಮರಣವೂ ಉಂಟು. ಅದನ್ನು ಮಗನಿಂದಾಗಲಿ ಮನೆಯವರಿಂದಾಗಲಿ ಮುಚ್ಚಿಡಬಾರದು. ಒಂದು ದಿನ ಎಲ್ಲರೂ ಕುಳಿತು, ಅಂಜದೆ ಮಾತನಾಡಿಕೊಳ್ಳಬೇಕು. ಬೇಡವೆಂದು ಗದರಿಸಿದರೆ ಹುಡುಗನು ಕದ್ದು ಓಡುವನು. ಹೋಗೆಂದು ಉಬ್ಬಿಸಿದರೆ ಬಿಸಿಲಿನಲ್ಲಿ ಬೀಳುವನು.

ಸ್ನೇಹಿತರಿಗೆ ನಾವು ಕಡೆಗೆ ಕೊಟ್ಟ ಉತ್ತರ ಇಷ್ಟೆ: "ಎರಡನ್ನೂ ಹೇಳಬೇಡಿ. ಎರಡು ವರ್ಷ ಕಾಯೋಣವೆನ್ನಿ. ನಾಳೆ ಬೆಳಗ್ಗೆ ಅವನ ಜೊತೆ ನೀವೂ ಹೊರಡಿ. ಅವನು ಓಡಲಿ, ನೀವು ನಡೆಯಿರಿ." ಮರುವಾರ ಹೆಬ್ಬಾಳದ ಕೆರೆಯ ಬಳಿ ತಂದೆಮಕ್ಕಳಿಬ್ಬರನ್ನೂ ನಾವು ಕಂಡೆವು. ಹುಡುಗನ ಬೆನ್ನಿನ ಮೇಲೆ ಮರಳಿನ ಚೀಲವಿರಲಿಲ್ಲ. ಮುಂದೆ ಓಡಿಹೋಗಿದ್ದ ಅವನು, ತಂದೆ ಹಿಂದುಳಿದುದನ್ನು ಕಂಡು, ತಿರುಗಿ ಬಂದು ಜೊತೆಗೂಡಿದನು. ಅವನ ತರಬೇತು ಅಲ್ಲಿಗೆ ಸರಿಯಾಗಿಯೇ ಆರಂಭವಾಯಿತೆಂದು ನಮಗೆ ತೋರಿತು.